ಕರಗುವ ದಾರ, ನಿಲ್ಲಬೇಕಾದ ಎದೆ

ನನ್ನ ತವರೂರು ತಿಕೋಟಾದಲ್ಲಿ ಗಾದಿಯ ಅರಳೆ ಹಿಂಜಲು ಪಿಂಜಾರರು ಬಿಲ್ಲು ಹೊತ್ತು ಓಣಿಗೆ ಬರುತ್ತಿದ್ದರು. ಆ ಬಿಲ್ಲಿಗೆ ಕಟ್ಟುತ್ತಿದ್ದ ಹುರಿ ನೂಲಿನದಲ್ಲ, ಲೋಹದ್ದೂ ಅಲ್ಲ. ಆಡು-ಕುರಿಯ ಕರುಳನ್ನು ತೊಳೆದು, ಕೆರೆದು, ಹೊಸೆದು, ಬಿಗಿಯಾಗಿ ಎಳೆದು ಒಣಗಿಸಿದ್ದು. ಮುಂದೆ ನಾನು ನರ್ಸಿಂಗ್ ಕಲಿತು ವಿಜಯಪುರದ, ಆಗಿನ್ನೂ ಬಿಜಾಪುರದ, ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ಸೇರಿದೆ. ಡಾಕ್ಟರ ಕೈಗೆ ಮೊದಲು ಕೊಟ್ಟ ದಾರವೂ ಅದೇ ಜಾತಿಯದು. ಹೆಸರು ಕ್ಯಾಟ್‌ಗಟ್. ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ, ಕುರಿ ಅಥವಾ ದನದ ಕರುಳಿನ ಪದರದಿಂದ ತೆಗೆದದ್ದು. ಅರಳೆ ಹಿಂಜುವವರ ಹುರಿ ವರ್ಷಗಟ್ಟಲೆ ಬಾಳಬೇಕು. ನಮ್ಮದು ಕೆಲವೇ ವಾರ ಬಾಳಿ ಮಾಯವಾಗಬೇಕು. ಒಂದೇ ಕರುಳಿನಿಂದ ಇಬ್ಬರೂ ಬಯಸಿದ್ದು ತದ್ವಿರುದ್ಧ ಗುಣ.

ಹೊಲಿಗೆಯ ಇತಿಹಾಸ ಬರೆಯುವವರೆಲ್ಲ ಸುಶ್ರುತನಿಂದ ಶುರು ಮಾಡುತ್ತಾರೆ. ನಾನೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಸುಶ್ರುತ ಸಂಹಿತೆ ಗಾಯ ಹೊಲಿಯಲು ಸಣಬು, ಅಗಸೆ ನಾರು, ಪ್ರಾಣಿಯ ಸ್ನಾಯು, ಕೂದಲು, ಅಮೃತಬಳ್ಳಿಯ ಎಳೆ, ಅಶ್ಮಂತಕದ ತೊಗಟೆಯ ನಾರು ಇವನ್ನೆಲ್ಲ ಹೆಸರಿಸುತ್ತದೆ. ಈ ಅಶ್ಮಂತಕವೆಂದರೆ ನಮ್ಮ ಗಡಿಯಾಚೆಯ ಮರಾಠಿಯವರು ದಸರೆಯಲ್ಲಿ ಬಂಗಾರವೆಂದು ಎಲೆ ಹಂಚುವ ಆಪ್ಟೆ ಗಿಡ ಎನ್ನುತ್ತಾರೆ. ಕತ್ತರಿಸಿದ ಕರುಳಿನ ಅಂಚುಗಳನ್ನು ಕಪ್ಪು ಇರುವೆಗಳಿಂದ ಕಚ್ಚಿಸಿ, ತಲೆ ಮಾತ್ರ ಉಳಿಸಿ ಮೈ ಕತ್ತರಿಸುವ ಉಪಾಯವೂ ಅಲ್ಲಿದೆ. ಹೊಟ್ಟೆಯೊಳಗೆ ಬಿಟ್ಟು ಬಂದರೂ ತಾನೇ ಹೋಗುವ ವಸ್ತು ಬೇಕೆಂಬ ಆಸೆ ಅಷ್ಟು ಹಳೆಯದು. ಅತ್ತ ಅರಬರ ವೈದ್ಯರು ಕರುಳಿನ ಹುರಿಯನ್ನೇ ಹೊಲಿಗೆಗೆ ಬಳಸಿದರು. ಸುಮಾರು 1000ನೇ ಇಸವಿಯ ಹೊತ್ತಿಗೆ ಸ್ಪೇನಿನ ಅಲ್ ಜಹ್ರಾವಿ ಇದನ್ನು ಬರೆದಿಟ್ಟಿದ್ದಾನೆ. ಈ ಎರಡು ವೈದ್ಯ ಪರಂಪರೆಗಳು ನಮ್ಮೂರಿನಲ್ಲೇ ಎದುರುಬದುರಾಗಿದ್ದವು. 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ನಿಂತ ಫಿರಿಶ್ತಾನನ್ನು ನಾವು ಇತಿಹಾಸಕಾರ ಎಂದಷ್ಟೇ ಓದುತ್ತೇವೆ. ಆತ ವೈದ್ಯನೂ ಹೌದು. ‘ದಸ್ತೂರ್ ಉಲ್ ಅತಿಬ್ಬಾ’ ಎಂಬ ಪಾರಸಿ ವೈದ್ಯಗ್ರಂಥದಲ್ಲಿ ಹಿಂದೂಸ್ತಾನದ ಆಯುರ್ವೇದವನ್ನು ಯುನಾನಿ ಓದುಗರಿಗೆ ಪರಿಚಯಿಸಿದವನು. ಗೋಲಗುಂಬಜ ನೋಡಲು ಬರುವವರಿಗೆ ಗೈಡುಗಳು ಈ ಹೆಸರನ್ನೂ ಒಮ್ಮೆ ಹೇಳಬೇಕು.

ಈಗಿನ ಕಾಲದ ಕತೆ ಶುರುವಾಗುವುದು ಜೋಸೆಫ್ ಲಿಸ್ಟರನಿಂದ. ಅವನಿಗಿಂತ ಮೊದಲು ರಕ್ತನಾಳ ಕಟ್ಟಲು ರೇಷ್ಮೆ ದಾರ ಬಳಸುತ್ತಿದ್ದರು. ಅದರ ತುದಿಯನ್ನು ಉದ್ದಕ್ಕೆ ಗಾಯದ ಹೊರಗೆ ಇಳಿಬಿಡುತ್ತಿದ್ದರು. ಒಳಗೆ ಕೀವಾಗಿ ಗಂಟು ಕೊಳೆತು ಸಡಿಲಾಗುವವರೆಗೆ ಅದನ್ನು ಮೆಲ್ಲಗೆ ಜಗ್ಗಿ ನೋಡುವುದು ಆಗಿನ ಪದ್ಧತಿ. ಲಿಸ್ಟರ್ ಕರುಳಿನ ಹುರಿಯನ್ನು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ, ಒಂದು ಕರುವಿನ ಕುತ್ತಿಗೆಯ ರಕ್ತನಾಳಕ್ಕೆ ಕಟ್ಟಿ, ತುದಿಗಳನ್ನು ಗಿಡ್ಡಕ್ಕೆ ಕತ್ತರಿಸಿ ಗಾಯ ಮುಚ್ಚಿಬಿಟ್ಟ. ತಿಂಗಳ ಮೇಲೆ ನೋಡಿದಾಗ ದಾರ ಇದ್ದ ಜಾಗದಲ್ಲಿ ಜೀವಂತ ಮಾಂಸದ ಪಟ್ಟಿ ಬೆಳೆದಿತ್ತು. 1869ರಲ್ಲಿ ಅದನ್ನು ಪ್ರಕಟಿಸಿದ. ಆದರೆ ಬರಿಯ ಕ್ಯಾಟ್‌ಗಟ್ ಬೇಗ ಸೋಲುತ್ತಿತ್ತು. ವಾರ ಹತ್ತು ದಿನಕ್ಕೆ ಅದರ ಬಿಗಿ ಹೋಗುತ್ತದೆ. ಚರ್ಮ ಹದ ಮಾಡುವವರು ಬಳಸುವಂಥ ಕ್ರೋಮಿಯಂ ಲವಣದಲ್ಲಿ ಹುರಿಯನ್ನು ಹದಗೊಳಿಸಿದರೆ ಎರಡು ಮೂರು ವಾರ ತಡೆಯುತ್ತದೆಂದು ಮುಂದೆ ಲಿಸ್ಟರನೇ ತೋರಿಸಿದ. ನಮ್ಮ ಥಿಯೇಟರಿನಲ್ಲಿ ‘ಪ್ಲೇನ್’ ಮತ್ತು ‘ಕ್ರೋಮಿಕ್’ ಎಂದು ಕೂಗುತ್ತಿದ್ದುದು ಈ ಎರಡನ್ನೇ. ಅಂದರೆ ನೂರು ವರ್ಷ ಕಳೆದರೂ ಬಿಜಾಪುರದ ಟ್ರಾಲಿಯ ಮೇಲೆ ಲಿಸ್ಟರನ ಸಾಮಾನೇ ಇತ್ತು.

ಕ್ಯಾಟ್‌ಗಟ್ಟಿನ ಸ್ವಭಾವ ಕೈಗೆ ಗೊತ್ತು, ಪುಸ್ತಕಕ್ಕೆ ಅಷ್ಟಾಗಿ ಗೊತ್ತಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಗಾಜಿನ ಕೊಳವೆಯ ಕಾಲ ನೋಡಿದವರು. ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ಮುರಿಯಬೇಕು, ಗಾಜಿನ ಚೂರು ಕೈಗವಸನ್ನು ಹರಿಯದಂತೆ ನೋಡಿಕೊಳ್ಳಬೇಕು. ನನ್ನ ಕಾಲಕ್ಕೆ ಬೆಳ್ಳಿಬಣ್ಣದ ಪೊಟ್ಟಣ ಬಂದಿತ್ತು. ಹರಿದರೆ ಒಳಗಿನ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸುರುಳಿ ಬಿಚ್ಚಿದ ಕೂಡಲೆ ದಾರ ಮತ್ತೆ ಸುರುಳಿಯಾಗುತ್ತದೆ. ಅದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೆಟ್ಟಗೆ ಮಾಡಬೇಕು, ಜೋರಾಗಿ ಎಳೆದರೆ ಬಲ ಹೋಗುತ್ತದೆ. ನೀರಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಉಬ್ಬುತ್ತದೆ, ಒಣಗಿಸಿದರೆ ಕಡ್ಡಿಯಾಗುತ್ತದೆ. ಗಂಟು ಜಾರುತ್ತದೆಂದು ಡಾಕ್ಟರು ಒಂದು ಗಂಟು ಹೆಚ್ಚೇ ಹಾಕುತ್ತಿದ್ದರು. ಇಷ್ಟಾದರೂ ಅದು ಯಾವ ದಿನ ಕೈಬಿಡುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಕ್ಯಾಟ್‌ಗಟ್ ಪ್ರೋಟೀನು. ಅದನ್ನು ಕರಗಿಸುವುದು ನಮ್ಮ ಬಿಳಿ ರಕ್ತಕಣಗಳ ಜೀರ್ಣರಸ. ಕೀವು ಇದ್ದಲ್ಲಿ ಬಿಳಿ ರಕ್ತಕಣಗಳ ಸೈನ್ಯವೇ ಸೇರಿರುತ್ತದೆ, ಅಲ್ಲಿ ದಾರ ಬೇಗ ಹೋಗುತ್ತದೆ. ಎಲ್ಲಿ ಬಿಗಿ ಹೆಚ್ಚು ದಿನ ಬೇಕೋ ಅಲ್ಲೇ ಅದು ಕಡಿಮೆ ದಿನ ನಿಲ್ಲುತ್ತಿತ್ತು.

ಹೊಟ್ಟೆಯ ಆಪರೇಷನ್ನಿಗೆ ಇದರಿಂದ ಹೇಗೋ ನಡೆಯುತ್ತಿತ್ತು. ಎದೆಗೆ ನಡೆಯುವುದು ಕಷ್ಟ.

ಎದೆ ಬಿಚ್ಚುವ ಆಪರೇಷನ್ನಿಗೆ ನಮ್ಮ ಭಾಗದವರು ಬಹುಕಾಲ ಊರು ಬಿಟ್ಟು ಹೋಗಬೇಕಿತ್ತು. ತಿಕೋಟಾದ ಮೇಲೆ ಹಾಯುವ ರಸ್ತೆ ಅಥಣಿ ದಾಟಿ ಮಿರಜ ಮುಟ್ಟುತ್ತದೆ. ಅಲ್ಲಿ ಕೆನಡಾದಿಂದ ಬಂದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಆಸ್ಪತ್ರೆಯಿತ್ತು. ನಮ್ಮಜ್ಜಿಯ ಪಾಲಿಗೆ ‘ದೊಡ್ಡ ದವಾಖಾನಿ’ ಎಂದರೆ ಮಿರಜವೇ. ಮಿರಜಕ್ಕೆ ಒಯ್ದರು ಎಂದರೆ ರೋಗ ಜೋರಾಗಿದೆ ಎಂದೇ ಓಣಿಯವರ ಲೆಕ್ಕ. ಇನ್ನು ಕೆಲವರು ಸೊಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ ಎಂದು ಹೋಗುತ್ತಿದ್ದರು. ವಚನಗಳ ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಶಾಲೆ ಕಾಲೇಜುಗಳಿಂದ ಮುಂದೆ ಬಂದು 1986ರಲ್ಲಿ ಮೆಡಿಕಲ್ ಕಾಲೇಜು ತೆರೆಯಿತು. ಅದಕ್ಕೂ ಎರಡು ವರ್ಷ ಮೊದಲು ಅಲ್ ಅಮೀನ್ ಕಾಲೇಜು ಬಂದಿತ್ತು. ಮಳೆಯೇ ಸರಿಯಾಗಿ ಬಾರದ ಜಿಲ್ಲೆಗೆ ಎರಡು ವರ್ಷದಲ್ಲಿ ಎರಡು ಮೆಡಿಕಲ್ ಕಾಲೇಜು! ಅದರಿಂದ ಏನಾಯಿತೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಎತ್ತು ಹಾಯ್ದು ಪಕ್ಕೆಲುಬು ಮುರಿದವನನ್ನು ಜೀಪಿನಲ್ಲಿ ಹಾಕಿಕೊಂಡು ರಾಜ್ಯದ ಗಡಿ ದಾಟುವ ಪಾಡು ನಿಧಾನಕ್ಕೆ ತಪ್ಪಿತು.

ನಮ್ಮಲ್ಲಿ ಎದೆಗೆ ಬೀಳುವ ಪೆಟ್ಟುಗಳಿಗೆ ಒಂದು ಜಾತಕವಿದೆ. ಕೊಂಬಿನ ತಿವಿತ, ಕಬ್ಬು ಹೇರಿದ ಟ್ರ್ಯಾಕ್ಟರ್ ಪಲ್ಟಿ, ಬಾವಿಯ ಕೆಲಸದಲ್ಲಿ ಜಾರಿ ಬೀಳುವುದು. ಇದರ ಜೊತೆಗೆ ಕ್ಷಯ. ಪುಪ್ಪುಸದ ಸುತ್ತ ಕೀವು ತುಂಬಿ, ಪಕ್ಕೆಲುಬಿನ ಚೂರು ತೆಗೆದು ದಾರಿ ಮಾಡಬೇಕಾಗುತ್ತಿತ್ತು. ಕೆಲವೊಮ್ಮೆ ಪಕ್ಕೆಲುಬಿನ ಮೇಲೇ ಗಡ್ಡೆ. ಹೀಗೆ ಎದೆಗೂಡಿನ ಒಂದು ಭಾಗ ಹೋದಾಗ ಅದನ್ನು ಮತ್ತೆ ಕಟ್ಟುವುದು ಯಾಕೆ ಕಷ್ಟವೆಂದರೆ ಅದು ಒಂದು ನಿಮಿಷವೂ ಸುಮ್ಮನಿರುವುದಿಲ್ಲ. ಮುರಿದ ಕಾಲಿಗೆ ಸಿಮೆಂಟು ಪಟ್ಟಿ ಹಾಕಿ ಮಲಗಿಸಬಹುದು. ಎದೆಯನ್ನು ಮಲಗಿಸಲಾಗದು. ನಿಮಿಷಕ್ಕೆ 16 ಉಸಿರು ಎಂದು ಹಿಡಿದರೆ ದಿನಕ್ಕೆ 23,000 ಸಲ ಹೊಲಿಗೆ ಎಳೆದು ಸಡಿಲಾಗುತ್ತದೆ. ಕೆಮ್ಮು ಬೇರೆ. ಗೋಡೆಯಲ್ಲಿ ದೊಡ್ಡ ಗಂಡಿ ಉಳಿದರೆ ಇನ್ನೊಂದು ಅಪಾಯ. ಉಸಿರೆಳೆದಾಗ ಎದೆ ಹಿಗ್ಗುವ ಬದಲು ಆ ಜಾಗ ಒಳಕ್ಕೆ ಹೋಗುತ್ತದೆ, ಬಿಟ್ಟಾಗ ಹೊರಕ್ಕೆ ಉಬ್ಬುತ್ತದೆ. ರೋಗಿ ಉಸಿರಾಡಿಯೇ ದಣಿಯುತ್ತಾನೆ. ಗಂಡಿ 5 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಮಾಂಸ ಎಳೆದು ಮುಚ್ಚಿದರೆ ಸಾಕು. ಹಿಂದುಗಡೆ ಭುಜದ ಹಲಗೆಯ ಅಡಿಯಲ್ಲಿದ್ದರೆ 10 ಸೆಂಟಿಮೀಟರ್‌ವರೆಗೂ ಬಿಡಬಹುದು, ಹಲಗೆಯೇ ಬಾಗಿಲಾಗುತ್ತದೆ. ಅದಕ್ಕಿಂತ ದೊಡ್ಡದಾದರೆ ಏನಾದರೂ ಗಟ್ಟಿ ವಸ್ತು ಇಡಲೇಬೇಕು ಎಂಬುದು ಶಸ್ತ್ರವೈದ್ಯರ ಸಾಮಾನ್ಯ ಲೆಕ್ಕ.

ಬಬಲೇಶ್ವರ ಕಡೆಯ ಒಬ್ಬ ಅಜ್ಜನಿಗೆ ಎತ್ತು ಹಾಯ್ದಿತ್ತು. ಎದೆ ತೆರೆದು ಒಳಗೆ ನಿಂತ ರಕ್ತ ತೆಗೆದು, ಪಕ್ಕೆಲುಬುಗಳನ್ನು ಸೇರಿಸಿ ಹೊಲಿದಿದ್ದರು. ಹೊರಗಿನ ಹೊಲಿಗೆ ಬಿಚ್ಚಿದ ದಿನ ನನ್ನನ್ನು ಕರೆದ.

“ಯವ್ವಾ, ಮ್ಯಾಲಿನ ಹೊಲಿಗಿ ಬಿಚ್ಚಿದ್ರಿ. ಒಳಗಿಂದು ಯಾವಾಗ ಬಿಚ್ಚತೀರಿ?”

“ಅದನ್ನ ಬಿಚ್ಚೂದಿಲ್ಲ ಯಜ್ಜಾ. ತಾನ ಕರಗಿ ಹೋಗತೈತಿ.”

“ಕರಗಿದ ಮ್ಯಾಲ ಎದಿ ಮತ್ತ ಬಾಯಿ ತಗದ್ರ?”

ಈ ಪ್ರಶ್ನೆಗೆ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಉತ್ತರ ಹುಡುಕುತ್ತಿದ್ದವು. ಪಕ್ಕೆಲುಬು ಕೂಡಲು ಸುಮಾರು ಆರು ವಾರ ಬೇಕು. ಕ್ರೋಮಿಕ್ ಮೂರು ವಾರಕ್ಕೆ ಸೋಲುತ್ತದೆ. ಬೇಕಾಗಿದ್ದುದು ಕರಗುವ ದಾರವಲ್ಲ, ಹೇಳಿದ ದಿನ ಕರಗುವ ದಾರ.

ಅದು ಬಂದದ್ದು ಸೋತ ಬಟ್ಟೆಯಿಂದ. ಡುಪಾಂಟ್ ಕಂಪನಿಯಲ್ಲಿ ಮುಂದೆ ನೈಲಾನ್ ಕಂಡುಹಿಡಿದ ವಾಲೇಸ್ ಕರೋಥರ್ಸ್ 1930ರ ದಶಕದ ಮೊದಲಲ್ಲಿ ಲ್ಯಾಕ್ಟಿಕ್ ಆಮ್ಲದಂಥ ಹುಳಿಗಳನ್ನು ಸರಪಳಿಯಂತೆ ಜೋಡಿಸಿ ನೋಡಿದ್ದ. ಆ ಬಗೆಯ ಪದಾರ್ಥ ನೀರಿನ ಸಂಗಡ ಬಾಳಲಿಲ್ಲ. ಒಗೆದರೆ ಹಾಳಾಗುವ ಅಂಗಿ ಯಾರಿಗೆ ಬೇಕು? ಅದನ್ನು ಬದಿಗಿಟ್ಟರು. ಮೂವತ್ತು ವರ್ಷದ ಮೇಲೆ ಅಮೆರಿಕನ್ ಸೈಯನಮಿಡ್ ಕಂಪನಿಯವರು ಗ್ಲೈಕಾಲಿಕ್ ಆಮ್ಲದ ಸರಪಳಿಯಲ್ಲಿ ಇದೇ ದೋಷವನ್ನು ಗುಣವೆಂದು ಕಂಡರು. ಮೈಯೊಳಗೆ ಎಲ್ಲೆಲ್ಲೂ ನೀರಿದೆ. ಆ ನೀರು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಜೀರ್ಣರಸ ಬೇಕಿಲ್ಲ, ಬಿಳಿ ರಕ್ತಕಣಗಳ ಗದ್ದಲ ಕಡಿಮೆ. ಹಾಗಾಗಿ ಎಷ್ಟು ದಿನಕ್ಕೆ ಎಷ್ಟು ಬಲ ಉಳಿಯುತ್ತದೆಂದು ಮೊದಲೇ ಹೇಳಬಹುದು. 1970ರಲ್ಲಿ ಈ ದಾರ ಡೆಕ್ಸಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1974ರಲ್ಲಿ ಎಥಿಕಾನ್ ಕಂಪನಿ 90 ಪಾಲು ಗ್ಲೈಕಾಲಿಕ್, 10 ಪಾಲು ಲ್ಯಾಕ್ಟಿಕ್ ಬೆರೆಸಿದ ವಿಕ್ರಿಲ್ ತಂದಿತು. ಮೂರು ವಾರಕ್ಕೆ ಅರ್ಧ ಬಲ, ಎರಡು ತಿಂಗಳ ಆಚೀಚೆ ಪೂರ್ತಿ ಮಾಯ. 1980ರ ದಶಕದಲ್ಲಿ ಬಂದ ಪಿಡಿಎಸ್ ನಾಲ್ಕು ವಾರದ ಮೇಲೂ ಅರ್ಧ ಬಲ ಹಿಡಿದು, ಕರಗಲು ಆರು ತಿಂಗಳು ತೆಗೆದುಕೊಳ್ಳುತ್ತದೆ. ಅಜ್ಜನ ಪ್ರಶ್ನೆಗೆ ಹತ್ತಿರದ ಉತ್ತರ ಇದು.

ಇಲ್ಲಿ ನನ್ನ ಊರಿನ ಅಭಿಮಾನಕ್ಕೆ ಒಂದು ವಾಕ್ಯ. ಗ್ಲೈಕಾಲಿಕ್ ಆಮ್ಲ ಪ್ರಕೃತಿಯಲ್ಲಿ ಸಿಗುವುದು ಕಬ್ಬಿನ ರಸದಲ್ಲಿ ಮತ್ತು ಕಾಯಿ ದ್ರಾಕ್ಷಿಯಲ್ಲಿ. ಒಂದು ಬಬಲೇಶ್ವರದ ಬೆಳೆ, ಇನ್ನೊಂದು ತಿಕೋಟಾದ್ದು. ಲ್ಯಾಕ್ಟಿಕ್ ಆಮ್ಲವನ್ನು ಸ್ವೀಡನ್ನಿನ ಶೀಲೆ 1780ರಲ್ಲಿ ಹುಳಿ ಹಾಲಿನಿಂದ ಬೇರ್ಪಡಿಸಿದ. ಅದು ನಮ್ಮ ಮನೆಯ ಗಡಿಗೆ ಮೊಸರಿನಲ್ಲೂ ಇದೆ, ಓಡಿ ದಣಿದ ಸ್ನಾಯುವಿನಲ್ಲೂ ಇದೆ. ದಾರದ ಕಾರ್ಖಾನೆಯವರು ಗ್ಲೈಕಾಲಿಕ್ ಆಮ್ಲವನ್ನು ಕಬ್ಬಿನಿಂದ ತೆಗೆಯುವುದಿಲ್ಲ, ರಸಾಯನದಿಂದ ತಯಾರಿಸುತ್ತಾರೆ. ಆದರೆ ವಸ್ತು ಅದೇ. ಮೈಗೆ ಪರಿಚಯವಿರುವ ಹುಳಿಯಾದ್ದರಿಂದ ಮೈ ಅದನ್ನು ಒಡೆದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಪಕ್ಕೆಲುಬು ಕಟ್ಟಿದ ದಾರದ ಒಂದು ಪಾಲು ಕೊನೆಗೆ ಅದೇ ಎದೆಯ ಉಸಿರಿನಲ್ಲಿ ಹೊರಬೀಳುತ್ತದೆ.

ನಮ್ಮ ಥಿಯೇಟರಿಗೆ ನೇರಳೆ ಬಣ್ಣದ ವಿಕ್ರಿಲ್ ಬಂದದ್ದು ತಡವಾಗಿ, ಬಂದರೂ ಎಲ್ಲರಿಗೂ ಸಿಗಲಿಲ್ಲ. ಆಗ ದಾರವನ್ನು ರೋಗಿಯ ಕಡೆಯವರೇ ಚೀಟಿ ಹಿಡಿದು ಔಷಧಿ ಅಂಗಡಿಯಿಂದ ತರುತ್ತಿದ್ದರು. ಒಂದು ವಿಕ್ರಿಲ್ಲಿನ ಹಣಕ್ಕೆ ಹಲವು ಕ್ರೋಮಿಕ್ ಬರುತ್ತಿತ್ತು. “ಸಾಹೇಬ್ರ, ಮಣಕಾ ಇನ್ನೂ ಮಾರಿಲ್ರಿ, ಸೋವಿದ ಬರದು ಕೊಡ್ರಿ,” ಎಂದು ಒಣದ್ರಾಕ್ಷಿ ಶೆಡ್ಡಿನ ಬಾಕಿ ಲೆಕ್ಕ ಹೇಳಿದವರನ್ನು ನಾನು ಕಂಡಿದ್ದೇನೆ. ಡಾಕ್ಟರು ಅರ್ಧ ದಾರಿ ಹುಡುಕುತ್ತಿದ್ದರು. ಪಕ್ಕೆಲುಬು ಸುತ್ತುವ ನಾಲ್ಕಾರು ದೊಡ್ಡ ಹೊಲಿಗೆಗೆ ವಿಕ್ರಿಲ್, ಮೇಲಿನ ಕೊಬ್ಬಿನ ಪದರಕ್ಕೆ ಪ್ಲೇನ್, ಚರ್ಮಕ್ಕೆ ರೇಷ್ಮೆ. ಒಬ್ಬನೇ ಮನುಷ್ಯನ ಎದೆಯಲ್ಲಿ ಲಿಸ್ಟರನ ಕಾಲವೂ ಸೈಯನಮಿಡ್ ಕಾಲವೂ ಒಂದರ ಮೇಲೊಂದು. ನನ್ನ ಮಟ್ಟಿಗೆ ಇದು ನಾಚಿಕೆಪಡುವ ಸಂಗತಿಯಲ್ಲ. ಎಲ್ಲಿ ಖರ್ಚು ಮಾಡಬೇಕೋ ಅಲ್ಲಿ ಮಾಡಿದ ಜಾಣತನ. ಬಡ ಜಿಲ್ಲೆಯ ಶಸ್ತ್ರವೈದ್ಯರು ಇಂಥ ನೂರು ಲೆಕ್ಕ ಹಾಕಿರುತ್ತಾರೆ, ಅವನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ. 2001ರ ಸುಮಾರಿಗೆ ಹುಚ್ಚು ಹಸುವಿನ ರೋಗದ ಭಯದಿಂದ ಯುರೋಪಿನಲ್ಲಿ ಕ್ಯಾಟ್‌ಗಟ್ ನಿಂತಿತು. ನಮ್ಮಲ್ಲಿ ಆಮೇಲೂ ಬಹಳ ದಿನ ನಡೆಯಿತು.

ದಾರದ ಮಾತಾಯಿತು. ಗಂಡಿ ಮುಚ್ಚುವ ಮಾತು ಬೇರೆ. ಅಮೆರಿಕದ ನ್ಯೂ ಆರ್ಲಿಯನ್ಸಿನ ಪಾರಮ್ 1898ರಲ್ಲಿ ಪಕ್ಕೆಲುಬಿನ ಗಡ್ಡೆ ತೆಗೆದ ಅನುಭವ ಬರೆದ. 1906ರಲ್ಲಿ ಇಟಲಿಯ ತಾನ್ಸಿನಿ ಬೆನ್ನಿನ ಸ್ನಾಯುವನ್ನು ತಿರುಗಿಸಿ ಎದೆಯ ಮೇಲೆ ಹೊದಿಸಿದ. ಸ್ನಾಯು ಮುಚ್ಚುತ್ತದೆ, ಆದರೆ ಗಟ್ಟಿ ನಿಲ್ಲುವುದಿಲ್ಲ. 1960ರ ಹೊತ್ತಿಗೆ ಮಾರ್ಲೆಕ್ಸ್ ಎಂಬ ಪ್ಲಾಸ್ಟಿಕ್ ಜಾಲರಿ ಬಂತು. ಬಳಿಕ ಎರಡು ಜಾಲರಿಗಳ ನಡುವೆ ಅಕ್ರಿಲಿಕ್ ಸಿಮೆಂಟು ಹರವಿ ಪಕ್ಕೆಲುಬಿನ ಆಕಾರಕ್ಕೆ ಬಾಗಿಸುವ ವಿಧಾನ. ಸಿಮೆಂಟು ಗಟ್ಟಿಯಾಗುವಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ, ಆದ್ದರಿಂದ ಟ್ರಾಲಿಯ ಮೇಲೇ ಆರಿಸಿ ಇಡುವವರಿದ್ದಾರೆ. ಇವೆಲ್ಲ ಗಟ್ಟಿಮುಟ್ಟು, ಎದೆ ಚೆನ್ನಾಗಿ ನಿಲ್ಲುತ್ತದೆ. ತೊಂದರೆ ಕೀವಿನದು. ಜಾಲರಿಗೆ ಒಮ್ಮೆ ಸೋಂಕು ಹತ್ತಿತೆಂದರೆ ಔಷಧಿಗೆ ಬಗ್ಗುವುದಿಲ್ಲ. ಮತ್ತೆ ಬಿಚ್ಚಿ ತೆಗೆಯಬೇಕು.

ದ್ರಾಕ್ಷಿ ತೋಟದಲ್ಲಿ ನನ್ನ ತಮ್ಮ ಎಳೆ ಬಳ್ಳಿಯನ್ನು ಚಪ್ಪರಕ್ಕೆ ಸುತಳಿಯಿಂದ ಕಟ್ಟುತ್ತಾನೆ. ಬಳ್ಳಿ ದಪ್ಪಾಗುವ ಹೊತ್ತಿಗೆ ಸುತಳಿ ಕೊಳೆತು ಬೀಳುತ್ತದೆ. ಪ್ಲಾಸ್ಟಿಕ್ ದಾರ ಕಟ್ಟಿದರೆ ಅದು ಬಳ್ಳಿಯೊಳಗೆ ಇಳಿದು ಕೊಯ್ಯುತ್ತದೆ. ಬೆಳೆಯುವ ಮಗುವಿನ ಎದೆಗೆ ಶಾಶ್ವತ ಜಾಲರಿ ಹಾಕಲು ಶಸ್ತ್ರವೈದ್ಯರು ಹಿಂಜರಿಯುವುದು ಇದೇ ಕಾರಣಕ್ಕೆ. ಎದೆ ಬೆಳೆಯುತ್ತದೆ, ಜಾಲರಿ ಬೆಳೆಯುವುದಿಲ್ಲ, ಬೆನ್ನು ಓರೆಯಾಗುತ್ತದೆ. ಇಂಥಲ್ಲಿ ಕರಗುವ ಜಾಲರಿಗೆ ಕೆಲಸ. ವಿಕ್ರಿಲ್ಲಿನದೇ ಜಾಲರಿ ಬಂತು. ಆಮೇಲೆ ಗ್ಲೈಕಾಲಿಕ್ ಆಮ್ಲಕ್ಕೆ ಇನ್ನೊಂದು ಪದಾರ್ಥ ಬೆರೆಸಿ ಆರು ತಿಂಗಳು ತಡೆಯುವ ಸ್ಪಂಜಿನಂಥ ಹಾಳೆ ಬಂತು. ಅದರ ರಂಧ್ರಗಳಲ್ಲಿ ರೋಗಿಯದೇ ನಾರು ಮಾಂಸ ಹೆಣೆದುಕೊಂಡು, ಹಾಳೆ ಹೋದ ಮೇಲೂ ಒಂದು ಪದರ ಉಳಿಯುತ್ತದೆ. ಕೀವಿನ ಜಾಗದಲ್ಲೂ ಇಡಲು ಧೈರ್ಯ ಬರುತ್ತದೆ, ಯಾಕೆಂದರೆ ಕೆಟ್ಟರೂ ಅದು ಒಂದು ದಿನ ತಾನೇ ಹೋಗುವಂಥದು.

ಇನ್ನು ಪಕ್ಕೆಲುಬಿಗೇ ಕರಗುವ ಮೊಳೆ, ಪಟ್ಟಿ. ಇದಕ್ಕೆ ಲ್ಯಾಕ್ಟಿಕ್ ಆಮ್ಲದ ಸರಪಳಿ ಬೇಕು, ಅದು ಗ್ಲೈಕಾಲಿಕ್‌ಗಿಂತ ನಿಧಾನ, ಕೆಲವು ಬಗೆ ವರ್ಷಗಟ್ಟಲೆ ಉಳಿಯುತ್ತದೆ. ಇದನ್ನು ಮೈಯೊಳಗೆ ಇಟ್ಟು ನೋಡಿದ ಮೊದಲ ವರದಿ 1966ರದು, ಅಮೆರಿಕ ಸೇನೆಯ ಪ್ರಯೋಗಾಲಯದಿಂದ ಬಂದದ್ದು. ಅದರ ಮೊದಲ ಲೇಖಕರ ಹೆಸರು ಕುಲಕರ್ಣಿ. ನಮ್ಮ ತಾಲ್ಲೂಕುಗಳಲ್ಲಿ ಊರಿಗೊಂದು ಮನೆಗಿರುವ ಅಡ್ಡಹೆಸರು ಅಲ್ಲಿ ಕಂಡಾಗ ನಾನು ಡಾಕ್ಟರ ಪುಸ್ತಕದ ಆ ಪುಟವನ್ನು ಎರಡು ಸಲ ಓದಿದೆ. 1990ರ ದಶಕದಲ್ಲಿ ಜಪಾನಿನ ಶಸ್ತ್ರವೈದ್ಯರು ಅದೇ ಪದಾರ್ಥದ ಮೊಳೆಗಳನ್ನು ಕತ್ತರಿಸಿದ ಪಕ್ಕೆಲುಬಿನ ಎರಡು ತುದಿಗಳ ಒಳಗೆ ಕೂಡಿಸಿ, ಎದೆ ಮುಚ್ಚುವಾಗ ಎಲುಬು ಜಾರದಂತೆ ಮಾಡಿದರು. ಹುಟ್ಟಿನಿಂದ ಎದೆ ಗುಳಿಬಿದ್ದ ಮಕ್ಕಳಿಗೆ ಹಾಕುವ ಉಕ್ಕಿನ ಪಟ್ಟಿಯನ್ನು ಎರಡು ಮೂರು ವರ್ಷಕ್ಕೆ ಮತ್ತೊಂದು ಆಪರೇಷನ್ ಮಾಡಿ ತೆಗೆಯಬೇಕು. ಕರಗುವ ಪಟ್ಟಿಯಾದರೆ ಆ ಎರಡನೆಯ ಕೊಯ್ತ ಉಳಿಯುತ್ತದೆ.

ಹಾಗೆಂದು ಕರಗುವುದೆಲ್ಲ ಮೇಲು ಎಂದು ನಾನು ಒಪ್ಪುವುದಿಲ್ಲ. ದೊಡ್ಡವರ ಎದೆಯಲ್ಲಿ ನಾಲ್ಕು ಪಕ್ಕೆಲುಬು ತೆಗೆದ ಗಂಡಿಗೆ ಕರಗುವ ಜಾಲರಿಯೊಂದನ್ನೇ ನಂಬಿದರೆ, ಅದು ಹೋದ ಮೇಲೆ ಉಳಿದ ಪದರ ಸಡಿಲಾಗಿ ಪುಪ್ಪುಸ ಹೊರಗೆ ಉಬ್ಬಬಹುದು. ಲ್ಯಾಕ್ಟಿಕ್ ಪಟ್ಟಿ ಲೋಹದಷ್ಟು ಬಲವಲ್ಲ, ಮುರಿಯುತ್ತದೆ. ಕರಗುವಾಗ ಬಿಡುವ ಹುಳಿಗೆ ಕೆಲವರ ಮೈ ಮುನಿದು ಬಾವು ಬರುತ್ತದೆ. ಎದೆಮೂಳೆ ಸೀಳಿ ಹೃದಯದ ಆಪರೇಷನ್ ಮಾಡಿದ ದೊಡ್ಡವರಿಗೆ ಇಂದಿಗೂ ಉಕ್ಕಿನ ತಂತಿಯೇ ಕಟ್ಟುತ್ತಾರೆ, ಅದು ಜೀವಮಾನ ಇದ್ದರೂ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಹೊಸತು, ದುಬಾರಿ ಎಂಬ ಕಾರಣಕ್ಕೆ “ಭಾರೀದ ಹಾಕ್ರಿ” ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಹಿಂದೆ ಸೋವಿಯದು ಕೇಳುತ್ತಿದ್ದ ಮನೆಯ ಮಕ್ಕಳೇ ಅವರು. ಎರಡೂ ಕೇಳಿಕೆ ತಪ್ಪು ಜಾಗಕ್ಕೆ ಹೋಗುತ್ತವೆ. ಕೇಳಬೇಕಾದ್ದು ಬೆಲೆಯನ್ನಲ್ಲ, ಎಷ್ಟು ದಿನದ ಕೆಲಸ ಎಂಬುದನ್ನು.

2003ರಲ್ಲಿ ಸಹಕಾರಿ ಸಂಘದ ರೈತರಿಗಾಗಿ ಯಶಸ್ವಿನಿ ಬಂತು, 2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಚೀಟಿ ಹಿಡಿದು ಓಡುವುದು ಕಡಿಮೆಯಾಯಿತು. ಅದರೊಂದಿಗೆ ಇನ್ನೊಂದು ಸಂಗತಿಯೂ ಆಯಿತು. ಹಿಂದೆ ಅಂಗಡಿಯಿಂದ ತಂದವನಿಗೆ ತನ್ನ ಅಪ್ಪನ ಎದೆಗೆ ಯಾವ ದಾರ ಹಾಕಿದರೆಂದು ಹೆಸರು ಬಾಯಿಪಾಠವಿರುತ್ತಿತ್ತು. ಈಗ ಯಾರಿಗೂ ಗೊತ್ತಿರುವುದಿಲ್ಲ. ಉಕ್ಕಿನ ತಂತಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಕರಗುವ ಜಾಲರಿ, ಮೊಳೆ, ದಾರ ಕಾಣುವುದಿಲ್ಲ. ನಾಲ್ಕು ತಿಂಗಳ ಮೇಲೆ ಎದೆ ನೋವೆಂದು ಬಂದವರ ಒಳಗೆ ಏನಿದೆ, ಇನ್ನೂ ಇದೆಯೋ ಹೋಗಿದೆಯೋ ಎಂದು ತಿಳಿಯಲು ಬರೆದ ಕಾಗದವೊಂದೇ ದಾರಿ. ಅದನ್ನು ಮನೆಯಲ್ಲಿ ಬಾಡಿಗೆ ಚೀಟಿಯ ಜೊತೆ ಹರಿದು ಒಗೆದಿರುತ್ತಾರೆ.

ಆದ್ದರಿಂದ ಓದುತ್ತಿರುವವರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯಲ್ಲಿ ಯಾರದಾದರೂ ಎದೆಯ ಆಪರೇಷನ್ ಆದರೆ, ಬಿಡುಗಡೆಯ ದಿನ ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ: ಒಳಗೆ ಏನೇನು ಇಟ್ಟಿದ್ದೀರಿ, ಯಾವುದು ಉಳಿಯುತ್ತದೆ, ಯಾವುದು ಎಷ್ಟು ತಿಂಗಳಿಗೆ ಹೋಗುತ್ತದೆ, ಅಲ್ಲಿಯವರೆಗೆ ಎಷ್ಟು ಭಾರ ಎತ್ತಬಾರದು. ಜಾಲರಿ ಅಥವಾ ಪಟ್ಟಿ ಹಾಕಿದ್ದರೆ ಅದರ ಪೊಟ್ಟಣದ ಮೇಲಿನ ಚೀಟಿಯನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿಕೊಡಲು ಹೇಳಿ. ಆ ಕಾರ್ಡನ್ನು ಹೊಲದ ಉತಾರದ ಜೊತೆಗೇ ಟ್ರಂಕಿನಲ್ಲಿ ಇಡಿ.